ನಮ್ಮ ಮನೆಯ ಜಕ್ಕಿಣಿ

ಕಳೆದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವದ ಛದ್ಮವೇಷ ಸ್ಪರ್ಧೆಗೆ ಆರನೆಯ ತರಗತಿಯ ಹುಡುಗಿಯೊಬ್ಬಳು ಸೊಳ್ಳೆಪರದೆಯ ಬಟ್ಟೆಯಲ್ಲಿ ರೆಕ್ಕೆ ಹೊಲಿಸಿಕೊಂಡು, ಬೆಳ್ಳಿಕಾಗದ ಸುತ್ತಿದ ಕಡ್ಡಿಯೊಂದನ್ನು ಹಿಡಿದು ಬಂದಳು. ಹೆಸರು ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. “ಏನು ವೇಷ ಮರಿ?” ಎಂದೆ. “ಫೇರಿ, ಟೀಚರ್” ಎಂದಳು. ಪಟ್ಟಿ ಕನ್ನಡದಲ್ಲಿತ್ತು. ಒನಕೆ ಓಬವ್ವ, ಕಿತ್ತೂರು ಚೆನ್ನಮ್ಮ, ತರಕಾರಿ ಮಾರುವವಳು ಎಂದೆಲ್ಲ ಸರಸರ ಬರೆದಿದ್ದ ನನ್ನ ಪೆನ್ನು ಅಲ್ಲಿ ನಿಂತುಬಿಟ್ಟಿತು. ಮೂವತ್ತು ವರ್ಷ ಕನ್ನಡ ಕಲಿಸಿದವಳಿಗೆ ಆ ಮಗುವಿನ ರೆಕ್ಕೆಗೆ ಒಂದು ಕನ್ನಡ ಹೆಸರು ಸಿಗಲಿಲ್ಲ.

ಅಪ್ಸರೆ ಎನ್ನೋಣವೆಂದರೆ ಅವಳದು ಇಂದ್ರನ ಸಭೆಯ ನೌಕರಿ. ಎಲ್ಲಿ ಯಾವ ಋಷಿ ತಪಸ್ಸಿಗೆ ಕುಳಿತರೂ ಒಡೆಯ ಹೇಳಿದ ಕಡೆಗೆ ಹೊರಡಬೇಕು. ನಮ್ಮ ವರ್ಗಾವಣೆಯಾದರೂ ಅದಕ್ಕಿಂತ ವಾಸಿ. ಕಿನ್ನರಿ ಎನ್ನೋಣವೆಂದರೆ ಅದು ತಂತಿವಾದ್ಯದ ಹೆಸರೂ ಹೌದು. ಕೊನೆಗೆ ‘ಯಕ್ಷಿಣಿ’ ಎಂದು ಬರೆದೆ. ಮೈಕಿನಲ್ಲಿ ಆ ಹೆಸರು ಕೂಗಿದ್ದೇ ತಡ, ಹಿಂದಿನ ಸಾಲಿನ ಗಂಡುಹುಡುಗರು “ದೆವ್ವ ಬಂತು, ದೆವ್ವ ಬಂತು” ಎಂದು ಅರಚಿದರು. ವೇದಿಕೆಯ ಮೇಲಿದ್ದ ಮಗು ಕಡ್ಡಿಯನ್ನು ಕೆಳಗೆ ಹಾಕಿ ಅಳತೊಡಗಿತು. ಬಹುಮಾನ ತರಕಾರಿ ಮಾರುವವಳಿಗೆ ಹೋಯಿತು.

ಸಂಜೆ ಮನೆಗೆ ಬಂದು ಕಾಫಿ ಲೋಟ ಹಿಡಿದು ಕುಳಿತರೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಹೆಸರು ಕೊಟ್ಟು ನಾನು ಅಳಿಸಿದ ಹುಡುಗಿ ಇವಳು ಮೊದಲನೆಯವಳಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಆ ಗಂಡುಹುಡುಗರದೇ ತಪ್ಪು ಎನ್ನುವಂತಿಲ್ಲ. ಯಕ್ಷಿಣಿ ಎಂಬ ಪದ ನಮ್ಮಲ್ಲಿ ಪಟ್ಟ ಪಾಡೇ ಅಂಥದು. ನಮ್ಮ ಶಿವಮೊಗ್ಗ ಜಿಲ್ಲೆಯ ಹೊಂಬುಜಕ್ಕೆ ಹೋದರೆ ಅಲ್ಲಿ ಪದ್ಮಾವತಿ ಯಕ್ಷಿ, 23ನೆಯ ತೀರ್ಥಂಕರ ಪಾರ್ಶ್ವನಾಥನನ್ನು ಕಾಯುವ ದೇವಿ. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿ ಯಕ್ಷಿ. ಇಬ್ಬರಿಗೂ ಕೈ ಮುಗಿಯುತ್ತೇವೆ, ಹೂವು ಏರಿಸುತ್ತೇವೆ. ಅದೇ ಯಕ್ಷಿ ಘಟ್ಟ ಇಳಿದು ಕೇರಳ ಸೇರಿದಳೆಂದರೆ ಹಾಲೆಮರದ ಕೆಳಗೆ ಬಿಳಿ ಸೀರೆ ಉಟ್ಟು ನಿಂತು, ದಾರಿಹೋಕರಲ್ಲಿ ಎಲೆಯಡಿಕೆಗೆ ಸುಣ್ಣ ಕೇಳಿ, ರಕ್ತ ಹೀರುವವಳಾಗುತ್ತಾಳೆ. ಶಾಲೆಗೆ ಬರುವ ಜಾದೂಗಾರ ಟೋಪಿಯೊಳಗಿಂದ ಪಾರಿವಾಳ ತೆಗೆದರೆ ಅದು ‘ಯಕ್ಷಿಣಿ ವಿದ್ಯೆ’. ಗುಡಿಯಲ್ಲಿದ್ದವಳು ಮರಕ್ಕೆ ಹೋದಳು, ಮರದಲ್ಲಿದ್ದವಳು ಟೋಪಿಗೆ ಬಂದಳು. ಬಾಯಿಂದ ಬಾಯಿಗೆ ಉರುಳಿ ಯಕ್ಷಿಣಿಯು ಜಕ್ಕಿಣಿಯಾದಾಗ ನೇರವಾಗಿ ನಮ್ಮ ಮನೆಯೊಳಕ್ಕೇ ಬಂದಳು.

ಹೌದು, ನಮ್ಮ ಮನೆಯಲ್ಲೂ ಒಬ್ಬ ಜಕ್ಕಿಣಿ ಇದ್ದಳು. ಗಂಡ ಬದುಕಿದ್ದಾಗಲೇ ತೀರಿಕೊಂಡ ಮುತ್ತೈದೆ ಮನೆ ಬಿಟ್ಟು ಹೋಗುವುದಿಲ್ಲ, ಜಕ್ಕಿಣಿಯಾಗಿ ಅಲ್ಲೇ ಸುಳಿಯುತ್ತಾಳೆ ಎಂಬುದು ನಮ್ಮ ಮನೆಯ ಹಿರಿಯರ ನಂಬಿಕೆ. ದೀಪಾವಳಿಯಲ್ಲಿ ಹಿರಿಯರಿಗೆ ಎಡೆ ಇಡುವ ದಿನ, ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಅವಳಿಗೆ ಬೇರೆಯೇ ಎಡೆ. ಮಣೆಯ ಮೇಲೆ ಹೊಸ ಸೀರೆ, ಕುಪ್ಪಸದ ಕಣ, ಹಸಿರು ಬಳೆ, ಅರಿಶಿನ ಕುಂಕುಮ. ಮುಂದೆ ಬಾಳೆ ಎಲೆಯಲ್ಲಿ ಕಡುಬು. ಎಡೆ ಇಟ್ಟು ಬಾಗಿಲು ಎಳೆದುಕೊಂಡರೆ ಮಕ್ಕಳು ಆ ಕಡೆ ಸುಳಿಯುವಂತಿಲ್ಲ. ಊಟ ಮಾಡುವಾಗ ನೋಡಿದರೆ ಜಕ್ಕಿಣಿ ಮೈಮೇಲೆ ಬರುತ್ತಾಳೆ ಎಂದು ಅಜ್ಜಿ ಹೆದರಿಸುತ್ತಿದ್ದಳು. ಆಮೇಲೆ ಆ ಸೀರೆಯನ್ನು ಉಡುತ್ತಿದ್ದವಳು ನನ್ನ ಅಮ್ಮ. ಅಮ್ಮನ ಕರಿಮಣಿ ಸರದಲ್ಲಿ ತಾಳಿಯ ಪಕ್ಕಕ್ಕೆ ಒಂದು ಪುಟ್ಟ ಬೆಳ್ಳಿ ಬಿಲ್ಲೆಯೂ ಇತ್ತು. “ಇದು ಯಾರದಮ್ಮಾ?” ಎಂದರೆ “ಅವಳದು” ಎನ್ನುತ್ತಿದ್ದಳೇ ವಿನಾ ಹೆಚ್ಚು ಹೇಳುತ್ತಿರಲಿಲ್ಲ.

ನನಗೆ ಎಂಟು ವರ್ಷವಿದ್ದಾಗ ಒಂದು ದೀಪಾವಳಿಯಲ್ಲಿ ಕುತೂಹಲ ತಡೆಯಲಾರದೆ ಬಾಗಿಲ ಸಂದಿಯಿಂದ ಇಣುಕಿದೆ. ಜಕ್ಕಿಣಿ ಕಾಣಲಿಲ್ಲ. ನನ್ನ ಅಜ್ಜಿ, ಊರಿಗೇ ಗದರುವ ಗಟ್ಟಿಗಿತ್ತಿ, ಆ ಸೀರೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. “ತಿನ್ನೇ ಮಗಾ, ಬಿಸಿ ಇದೆ” ಎನ್ನುತ್ತಿದ್ದಳು. ಹೆದರಿ ಓಡಿಬಂದೆ. ಜಕ್ಕಿಣಿಯನ್ನು ಕಂಡಿದ್ದರೂ ಅಷ್ಟು ಹೆದರುತ್ತಿರಲಿಲ್ಲವೇನೋ.

ಇಂಥ ಮಾಯೆಯ ಜನ ಮನೆಯ ಕತ್ತಲೆ ಕೋಣೆಯಲ್ಲಷ್ಟೇ ಇಲ್ಲ, ನಮ್ಮ ದಿನನಿತ್ಯದ ಮಾತಿನಲ್ಲೂ ಸಂಸಾರ ಹೂಡಿದ್ದಾರೆ. ದೊಡ್ಡ ಮನೆ ಕಂಡರೆ ‘ದೆವ್ವದಂಥ ಮನೆ’ ಎನ್ನುತ್ತೇವೆ. ಮಂಕಾಗಿ ಕುಳಿತವನನ್ನು ‘ಗರ ಬಡಿದವನ ಹಾಗೆ’ ಎನ್ನುತ್ತೇವೆ. ಗಂಡಸರಿಗೆ ನಾವು ಕೊಡುವ ಹೆಸರುಗಳನ್ನು ಒಮ್ಮೆ ನೆನೆಸಿಕೊಳ್ಳಿ. ಹೆಚ್ಚು ಉಂಡರೆ ಬಕಾಸುರ, ಹೆಚ್ಚು ಮಲಗಿದರೆ ಕುಂಭಕರ್ಣ. ಹೇಳಿದವರೂ ನಗುತ್ತಾರೆ, ಹೇಳಿಸಿಕೊಂಡವನೂ ನಕ್ಕು ಇನ್ನೊಂದು ಹೋಳಿಗೆ ಬಡಿಸಿಕೊಳ್ಳುತ್ತಾನೆ. ಹೆಂಗಸರಿಗೆ ಕೊಡುವ ಹೆಸರುಗಳೋ? ಕೋಪ ಬಂದರೆ ಮಾರಿ, ಮೈಕಟ್ಟು ಗಟ್ಟಿಯಾಗಿದ್ದರೆ ಹಿಡಿಂಬೆ, ತಾನಾಗಿ ಇಷ್ಟಪಟ್ಟರೆ ಶೂರ್ಪನಖಿ, ಕೂದಲು ಬಿಚ್ಚಿದರೆ ಮೋಹಿನಿ. ಗಂಡಸಿನ ಹೆಸರು ಊಟ ನಿದ್ದೆಯ ಜೊತೆ ಮುಗಿದುಹೋಗುತ್ತದೆ. ಹೆಂಗಸಿನ ಹೆಸರು ಅವಳ ಮುಖಕ್ಕೆ, ಕೂದಲಿಗೆ, ಆಸೆಗೆ ಅಂಟಿಕೊಂಡು ತೊಳೆದರೂ ಹೋಗುವುದಿಲ್ಲ. ಹೊಗಳಿಕೆ ಎಂದುಕೊಂಡು ‘ಅಪ್ಸರೆ’ ಎನ್ನುವುದೂ ಅಷ್ಟೇನೂ ಸುಖದ್ದಲ್ಲ. ಅಪ್ಸರೆ ಎನ್ನಿಸಿಕೊಂಡವಳು ಸ್ವಲ್ಪ ಕಪ್ಪಾದರೂ, ಎರಡು ಹೆತ್ತು ದಪ್ಪಗಾದರೂ ಏನೋ ತಪ್ಪು ಮಾಡಿದವಳ ಹಾಗೆ ಕನ್ನಡಿಯ ಮುಂದೆ ನಿಲ್ಲುತ್ತಾಳೆ.

1990ರ ದಶಕದಲ್ಲಿ ನೀವು ದೊಡ್ಡವರಾಗಿದ್ದರೆ ‘ನಾಳೆ ಬಾ’ ಎಂಬ ಬರಹ ನಿಮಗೆ ನೆನಪಿರಬೇಕು. ರಾತ್ರಿ ಹೆಣ್ಣುದೆವ್ವವೊಂದು ಬಂದು ನಮ್ಮವರದೇ ಧ್ವನಿಯಲ್ಲಿ ಬಾಗಿಲು ಬಡಿಯುತ್ತದೆ, ತೆಗೆದರೆ ಸಾವು ಎಂದು ಸುದ್ದಿ ಹಬ್ಬಿತ್ತು. ಬೆಂಗಳೂರಿನ ಬೀದಿಗಳಿಂದ ಹಿಡಿದು ನಮ್ಮಂಥ ಊರಿನ ಕೇರಿಗಳವರೆಗೆ ಗೋಡೆ, ಬಾಗಿಲುಗಳ ಮೇಲೆ ಸುಣ್ಣದಲ್ಲಿ, ಇದ್ದಿಲಿನಲ್ಲಿ ಅದೇ ಎರಡು ಪದ. ದೆವ್ವ ಬಂದು ಓದುತ್ತದೆ, ಸರಿ ಎಂದು ಹಿಂತಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ಆಗ ತಾನೇ ಕೆಲಸಕ್ಕೆ ಸೇರಿದ್ದ ನಾನು ಸ್ಟಾಫ್ ರೂಮಿನಲ್ಲಿ ಇದನ್ನು ಆಡಿಕೊಂಡು ನಕ್ಕವಳು. 1991ರ ಜನಗಣತಿಯಲ್ಲಿ ಕರ್ನಾಟಕದ ಹೆಂಗಸರ ಪೈಕಿ ಅಕ್ಷರ ಬಲ್ಲವರು ನೂರಕ್ಕೆ 44 ಮಂದಿ, ದೆವ್ವಕ್ಕೆ ಮಾತ್ರ ಓದು ಬರುತ್ತದಲ್ಲ ಎಂದು. 2018ರಲ್ಲಿ ಇದೇ ನಂಬಿಕೆಯ ಎಳೆ ಹಿಡಿದು ‘ಸ್ತ್ರೀ’ ಎಂಬ ಹಿಂದಿ ಸಿನಿಮಾ ಬಂದು ದೇಶವೆಲ್ಲ ನಕ್ಕಿತು.

ಈಗ ನಗು ಬರುವುದಿಲ್ಲ. ‘ನಾಳೆ ಬಾ’ ಎನ್ನುವುದು ಯಾರು ಯಾರಿಗೆ ಹೇಳುವ ಮಾತು ಎಂದು ಯೋಚಿಸಿದ್ದೀರಾ? ಸಾಲ ತೆಗೆದುಕೊಂಡವನು ಸಾಲ ಕೊಟ್ಟವನಿಗೆ ಹೇಳುವ ಮಾತು ಅದು. ಬಾಗಿಲಿಗೆ ಬಂದವಳಿಗೆ ನಾವು ಏನನ್ನೋ ಕೊಡಬೇಕಿದೆ, ಕೊಡಲು ಮನಸ್ಸಿಲ್ಲ. ಅದಕ್ಕೇ ನಾಳೆ. ನಮ್ಮ ಕತೆಗಳಲ್ಲಿ ದೆವ್ವವಾಗುವ ಹೆಂಗಸರು ಯಾರೆಂದು ಲೆಕ್ಕ ಹಾಕಿ. ಹೆರಿಗೆಯಲ್ಲಿ ಸತ್ತವಳು, ಬಾವಿಗೆ ಬಿದ್ದವಳು, ಮದುವೆಯ ಆಸೆ ತೀರದೆ ಹೋದವಳು. ಬದುಕಿದ್ದಾಗ ಸಲ್ಲಬೇಕಾದ್ದು ಸಲ್ಲದೆ ಹೋದವರೇ ಎಲ್ಲ. ಚೆನ್ನಾಗಿ ಉಂಡು, ಉಟ್ಟು, ಮೊಮ್ಮಕ್ಕಳನ್ನು ಆಡಿಸಿ ಕಣ್ಣು ಮುಚ್ಚಿದ ಮುದುಕಿ ದೆವ್ವವಾದ ಕತೆಯನ್ನು ನಾನಂತೂ ಕೇಳಿಲ್ಲ.

ನಮ್ಮ ಜಕ್ಕಿಣಿಯ ಲೆಕ್ಕವೂ ಹಾಗೆಯೇ ಎಂದು ಗೊತ್ತಾದದ್ದು ಅಜ್ಜಿ ತೀರಿಕೊಂಡ ಮೇಲೆ. ಅಮ್ಮ ಒಂದು ಮಧ್ಯಾಹ್ನ ಅಡಿಕೆ ಆರಿಸುತ್ತಾ ತಾನಾಗಿಯೇ ಹೇಳಿದಳು. ಅವಳು ಅಪ್ಪನ ಮೊದಲ ಹೆಂಡತಿ. 1964ರ ಮಳೆಗಾಲ, ಚೊಚ್ಚಲ ಹೆರಿಗೆ. ನೋವು ಎದ್ದು ಒಂದು ದಿನವಾದರೂ ಕೂಸು ಹೊರಬರಲಿಲ್ಲ. ಗಾಡಿ ಕಟ್ಟಿ ಪೇಟೆಯ ಆಸ್ಪತ್ರೆಗೆ ಒಯ್ಯೋಣ ಎಂದು ಸೂಲಗಿತ್ತಿಯೇ ಹೇಳಿದಳಂತೆ. ಹೊಳೆ ತುಂಬಿದೆ, ಖರ್ಚೂ ಬಹಳ, ನಾಳೆ ನೋಡೋಣ ಎಂದಳಂತೆ ಅಜ್ಜಿ. ನಾಳೆ ಆಗುವುದರೊಳಗೆ ತಾಯಿ ಮಗು ಇಬ್ಬರೂ ಇರಲಿಲ್ಲ. ಅವಳಿಗೆ ಆಗ ಹತ್ತೊಂಬತ್ತು. “ಆ ಕೋಣೇಲಿ ನಿಮ್ಮಜ್ಜಿ ಪ್ರತಿ ವರ್ಷ ಯಾಕೆ ಅಷ್ಟು ಹೊತ್ತು ಕೂತ್ಕೋತಿದ್ರು ಅಂತ ನಂಗೆ ಗೊತ್ತಿತ್ತು ಕಣೇ” ಎಂದಳು ಅಮ್ಮ. “ತಪ್ಪಾಯ್ತು ಅಂತ ಸೊಸೆಗೆ ಹೇಳೋಕೆ ಅವರಿಗೆ ಬಾಯಿ ಬರ್ಲಿಲ್ಲ. ಸೀರೆ ಇಟ್ರು.”

ಇನ್ನು ನನ್ನ ಮಾತು. 1998ರಲ್ಲಿ ನಾನು ಹೋಬಳಿಯೊಂದರ ಪ್ರೌಢಶಾಲೆಯಲ್ಲಿದ್ದೆ. ಎಂಟನೆಯ ತರಗತಿಗೆ ಮೂರು ಮೈಲಿ ನಡೆದು ಬರುವ ಹುಡುಗಿಯೊಬ್ಬಳಿದ್ದಳು. ಒಂದು ಬೆಳಿಗ್ಗೆ ಮಳೆಯಲ್ಲಿ ನೆನೆದು, ಕೂದಲು ಒಣಗಲೆಂದು ಜಡೆ ಬಿಚ್ಚಿಕೊಂಡು, ತಡವಾಗಿ ಬಂದು ಬಾಗಿಲಲ್ಲಿ ನಿಂತಳು. ನಾನು ಅಂದು ಯಾವ ಸಿಡುಕಿನಲ್ಲಿದ್ದೆನೋ. “ಏನೇ ಇದು, ಮೋಹಿನಿ ಹಾಗೆ ಕೂದಲು ಬಿಟ್ಕೊಂಡು ಬಂದಿದ್ದೀಯ?” ಎಂದೆ. ಇಡೀ ತರಗತಿ ನಕ್ಕಿತು. ನನಗೂ ನನ್ನ ಮಾತು ಚುರುಕಾಗಿದೆ ಎನ್ನಿಸಿರಬೇಕು. ಅವಳು ತಲೆ ತಗ್ಗಿಸಿ ಹೋಗಿ ಕುಳಿತಳು.

ಎರಡು ವಾರದ ನಂತರ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಅವಳು ಧಡಕ್ಕನೆ ಬಿದ್ದಳು. ಕೈಕಾಲು ಸೆಟೆದು ಅದುರುತ್ತಿತ್ತು, ಬಾಯಲ್ಲಿ ನೊರೆ. ಯಾರೋ ಕೀಲಿಕೈ ತಂದು ಅವಳ ಮುಷ್ಟಿಗೆ ತುರುಕಿದರು. ಹುಡುಗಿಯರು ದೂರ ಸರಿದು ನಿಂತು “ಮೋಹಿನಿ, ಮೋಹಿನಿ” ಎಂದು ಪಿಸುಗುಟ್ಟುತ್ತಿದ್ದರು. ಆ ಹೆಸರು ಅವರಿಗೆ ಹೊಸದಾಗಿ ಹೊಳೆದದ್ದಲ್ಲ. ನಾನೇ ಕೊಟ್ಟು ಸಿದ್ಧವಾಗಿಟ್ಟದ್ದು.

ಆಮೇಲೆ ಹುಡುಗಿ ಬರಲಿಲ್ಲ. ತಿಂಗಳ ನಂತರ ಅವಳ ತಾಯಿ ವರ್ಗಾವಣೆ ಪತ್ರ ಕೇಳಿಕೊಂಡು ಬಂದಳು. ಎಲ್ಲಿಗೋ ಕರೆದುಕೊಂಡು ಹೋಗಿ ಬಿಡಿಸಿದರಂತೆ, ಬೆತ್ತದಲ್ಲಿ ಹೊಡೆಸಿದರಂತೆ, ಮಗಳು ಈಗ ಮಾತೇ ಆಡುವುದಿಲ್ಲವಂತೆ. “ಆಸ್ಪತ್ರೆಗೆ ತೋರಿಸಬಾರದಿತ್ತಾ? ಇದು ಮೂರ್ಛೆ ಕಾಯಿಲೆ, ದೆವ್ವ ಅಲ್ಲ” ಎಂದೆ, ಓದಿದವಳ ಗತ್ತಿನಲ್ಲಿ. ಆಕೆ ನನ್ನ ಮುಖವನ್ನೇ ನೋಡಿ, ಸಿಟ್ಟಿಲ್ಲದೆ, ನಿಜವಾಗಿಯೂ ಅರ್ಥವಾಗದವಳ ಹಾಗೆ ಕೇಳಿದಳು: “ಮೊದ್ಲು ನೀವೇ ಕಂಡು ಹೇಳಿದ್ರಂತಲ್ಲ ಟೀಚರಮ್ಮಾ, ಮೋಹಿನಿ ಅಂತ?”

ನನ್ನಲ್ಲಿ ಉತ್ತರವಿರಲಿಲ್ಲ. ವರ್ಗಾವಣೆ ಪತ್ರದಲ್ಲಿ ಶಾಲೆ ಬಿಡಲು ಕಾರಣ ಎಂಬ ಕಡೆ ‘ಪೋಷಕರ ಕೋರಿಕೆಯ ಮೇರೆಗೆ’ ಎಂದು ದುಂಡಗಿನ ಅಕ್ಷರದಲ್ಲಿ ಬರೆದೆ.

ಆರೇಳು ವರ್ಷದ ಮೇಲೆ ಒಂದು ಮದುವೆಮನೆಯಲ್ಲಿ ಅವಳ ಚಿಕ್ಕಮ್ಮ ಸಿಕ್ಕಿದಳು. ಕೊನೆಗೂ ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ಕಳಿಸಿ, ದಿನವೂ ಮಾತ್ರೆ ನುಂಗತೊಡಗಿದ ಮೇಲೆ ಹುಡುಗಿ ಒಮ್ಮೆಯೂ ಬಿದ್ದಿಲ್ಲವಂತೆ. ಓದು ಮಾತ್ರ ಅಲ್ಲಿಗೇ ನಿಂತಿತು. ಅಡಿಕೆ ಸುಲಿಯಲು ಹೋಗುತ್ತಾಳಂತೆ. ಸರಿಯಾಗಿ ಗುರುತಿಸಿ ಔಷಧಿ ಕೊಟ್ಟರೆ ಮೂರ್ಛೆ ರೋಗಿಗಳಲ್ಲಿ ನೂರಕ್ಕೆ 70ರಷ್ಟು ಮಂದಿ ಸೆಳೆತವಿಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿದ್ದವರನ್ನು ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಕೀಲಿಕೈಯಿಂದ ಏನೂ ಆಗುವುದಿಲ್ಲ. ಈಗ ಪ್ರತಿ ವರ್ಷ ಶಾಲೆ ಶುರುವಾದ ವಾರದಲ್ಲೇ ಮಕ್ಕಳಿಗೆ ಇದನ್ನು ಹೇಳಿಕೊಡುತ್ತೇನೆ. ಅಂದು ಯಾಕೆ ಹೇಳಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದವಳು ಅಲ್ಲಿಲ್ಲವಲ್ಲ.

ಈ ಕಾಯಿಲೆಗೂ ಮಾಯೆಯ ಜನರಿಗೂ ಹಳೆಯ ನಂಟು. ನಟರಾಜನ ಕಾಲಿನ ಕೆಳಗೆ ಬಿದ್ದಿರುವ ಕುಳ್ಳನ ಹೆಸರು ಅಪಸ್ಮಾರ. ಮೂರ್ಛೆ ರೋಗಕ್ಕೂ ಅದೇ ಹೆಸರು. ಸುಶ್ರುತ ಸಂಹಿತೆಯು ಮಕ್ಕಳನ್ನು ಕಾಡುವ ಒಂಬತ್ತು ಗ್ರಹಗಳನ್ನು ಹೇಳುವಾಗ ಪೂತನೆಯನ್ನೂ ಸೇರಿಸುತ್ತದೆ. ಹಿಂದಿನವರು ಕಾಣದ ಕಾಯಿಲೆಗೆ ಒಂದು ಮುಖ ಕೊಟ್ಟರು, ಹೆಸರು ಕೊಟ್ಟರು. ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಒಂದು ವಿಷಯ ಗಮನಿಸಿ. ಶಿವ ತುಳಿಯುತ್ತಿರುವುದು ಅಪಸ್ಮಾರನನ್ನು, ರೋಗಿಯನ್ನಲ್ಲ. ನಾವು ರೋಗದ ಹೆಸರನ್ನು ರೋಗಿಗೇ ಇಟ್ಟು, ಅವಳನ್ನೇ ತುಳಿದೆವು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ಅಪರಾಧ ಎಂದು ನಮ್ಮ ರಾಜ್ಯ 2017ರಲ್ಲಿ ಕಾಯ್ದೆ ಮಾಡಿತು, 2020ರ ಜನವರಿಯಲ್ಲಿ ಅದು ಜಾರಿಗೂ ಬಂತು. ಒಳ್ಳೆಯದೇ. ಬೆತ್ತ ಎತ್ತಿದವನನ್ನು ಕಾನೂನು ಹಿಡಿಯಬಹುದು. ತಮಾಷೆಗೆಂದು ಹೆಸರಿಟ್ಟ ಟೀಚರನ್ನು ಯಾವ ಕಾನೂನು ಹಿಡಿದೀತು?

ಹಾಗಾದರೆ ಈ ಯಕ್ಷಿ, ಮೋಹಿನಿ, ಜಕ್ಕಿಣಿಯರನ್ನೆಲ್ಲ ಮಕ್ಕಳ ಬಾಯಿಂದಲೂ ಪುಸ್ತಕದಿಂದಲೂ ಓಡಿಸಿಬಿಡಬೇಕೇ? ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಓಡಿಸಬೇಕು ಎನ್ನುತ್ತಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ಒಪ್ಪಲು ಮನಸ್ಸು ಬರುವುದಿಲ್ಲ. ಯಕ್ಷಗಾನದಲ್ಲಿ ಭಸ್ಮಾಸುರನನ್ನು ಕುಣಿಸಿ ಕುಣಿಸಿ ಅವನ ಕೈಯನ್ನು ಅವನ ತಲೆಯ ಮೇಲೇ ಇಡಿಸುವ ಮೋಹಿನಿಯನ್ನು ಕಂಡು ಚಪ್ಪಾಳೆ ತಟ್ಟದ ಮಗುವುಂಟೇ? ಆ ಮೋಹಿನಿ ಯಾರಿಗೂ ಕೇಡು ಮಾಡಿಲ್ಲ, ಕೇಡಿಗನೊಬ್ಬನನ್ನು ಬಿಟ್ಟರೆ.

ಎ.ಕೆ. ರಾಮಾನುಜನ್ ನಮ್ಮ ನಾಡಿನ ಹೆಂಗಸರಿಂದ ಕೇಳಿ ಸಂಗ್ರಹಿಸಿದ ಹೂಮರವಾಗುವ ಹುಡುಗಿಯ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಅವರು ತೀರಿಕೊಂಡು ನಾಲ್ಕು ವರ್ಷಕ್ಕೆ, 1997ರಲ್ಲಿ ಬಂದ ಅವರ ಕಥಾಸಂಗ್ರಹಕ್ಕೆ ಆ ಕತೆಯದೇ ಹೆಸರು. ಗಿರೀಶ ಕಾರ್ನಾಡರು ಅದನ್ನು ‘ಚೆಲುವಿ’ ಎಂಬ ಚಲನಚಿತ್ರ ಮಾಡಿದರು. ಬಡವರ ಮನೆಯ ಹುಡುಗಿ, ಮೈಮೇಲೆ ಒಂದು ಬಿಂದಿಗೆ ನೀರು ಸುರಿದರೆ ಮರವಾಗುತ್ತಾಳೆ, ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿಯಾಗುತ್ತಾಳೆ. ಅಕ್ಕನಿಗೆ ಅವಳು ಹೇಳುವುದು ಒಂದೇ: ಹೂವು ಬಿಡಿಸಿಕೋ, ಎಲೆ ಚಿಗುರು ಹರಿಯಬೇಡ. ಅಕ್ಕ ಹಾಗೆಯೇ ನಡೆಯುತ್ತಾಳೆ. ಮುಂದೆ ಅರಮನೆಯ ಸೊಸೆಯಾದಾಗ ನಾದಿನಿ ತನ್ನ ಗೆಳತಿಯರ ಮುಂದೆ ತಮಾಷೆಗೆಂದು ಅವಳನ್ನು ಮರ ಮಾಡಿಸುತ್ತಾಳೆ. ಎಲ್ಲರೂ ಕೊಂಬೆ ಮುರಿದು, ಹೂವು ದೋಚಿ, ಅರ್ಧ ನೀರು ಸುರಿದು ಹೊರಟುಹೋಗುತ್ತಾರೆ. ಕೈಕಾಲಿಲ್ಲದ ಬೊಡ್ಡೆಯಾಗಿ ಅವಳು ಅಲ್ಲೇ ಬೀಳುತ್ತಾಳೆ. ಇದನ್ನು ಓದಿದ ಯಾವ ಮಗುವೂ ‘ಹೆಂಗಸು ಮರವಾಗುತ್ತಾಳೆಯೇ ಟೀಚರ್?’ ಎಂದು ನನ್ನನ್ನು ಕೇಳಿಲ್ಲ. ‘ಯಾಕೆ ಹಾಗೆ ಮುರಿದರು?’ ಎಂದೇ ಕೇಳಿವೆ. ಕತೆ ಕಲಿಸಬೇಕಾದದ್ದೂ ಅದನ್ನೇ ಅಲ್ಲವೇ?

ಇಷ್ಟು ವರ್ಷ ಯೋಚಿಸಿ ನಾನು ಕಂಡುಕೊಂಡದ್ದು ಇಷ್ಟೇ. ಕತೆಯಲ್ಲಿರುವ ಮಾಯೆ ನಮ್ಮ ಮನಸ್ಸನ್ನು ದೊಡ್ಡದು ಮಾಡುತ್ತದೆ. ಕಣ್ಣಮುಂದಿರುವ ಮನುಷ್ಯರ ಮೇಲೆ ಅದನ್ನು ಹೊರಿಸಿದರೆ ನಮ್ಮ ಹೊಣೆಯನ್ನು ಚಿಕ್ಕದು ಮಾಡುತ್ತದೆ. ಜಕ್ಕಿಣಿ ಎಂದ ಮೇಲೆ ಆಸ್ಪತ್ರೆಗೆ ಯಾಕೆ ಒಯ್ಯಲಿಲ್ಲ ಎಂಬ ಪ್ರಶ್ನೆ ಏಳುವುದಿಲ್ಲ. ಮೋಹಿನಿ ಎಂದ ಮೇಲೆ ಮಾತ್ರೆ ಯಾಕೆ ಕೊಡಿಸಲಿಲ್ಲ ಎಂದು ಕೇಳುವವರಿಲ್ಲ. ಸೊಸೆಯನ್ನು ಮಾರಿ ಎಂದುಬಿಟ್ಟರೆ ಅವಳಿಗೆ ಕೋಪ ಯಾಕೆ ಬಂತೆಂದು ವಿಚಾರಿಸುವ ಕೆಲಸವೇ ಉಳಿಯುವುದಿಲ್ಲ. ನಾವು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ಒಳಗೆ ಬೆಚ್ಚಗೆ ಮಲಗುತ್ತೇವೆ.

ಆ ರೆಕ್ಕೆಯ ಹುಡುಗಿಯನ್ನು ಮರುದಿನ ಕರೆದು, ತಪ್ಪು ನನ್ನದು ಎಂದು ತರಗತಿಯ ಎದುರಿಗೇ ಹೇಳಿದೆ. ಹೊಂಬುಜದ ಯಕ್ಷಿಯ ವಿಷಯ ಎಲ್ಲರಿಗೂ ಹೇಳಿದೆ. ‘ದೆವ್ವ’ ಎಂದು ಕೂಗಿದ ಹುಡುಗರೂ ಬಾಯಿ ಬಿಟ್ಟುಕೊಂಡು ಕೇಳಿದರು. ಎಲ್ಲ ಮುಗಿದ ಮೇಲೆ ಅವಳು, “ಆದ್ರೂ ಫೇರಿ ಅಂತಲೇ ಬರೀರಿ ಟೀಚರ್” ಎಂದಳು. ಪಟ್ಟಿ ತೆಗೆದು, ಅವಳ ಎದುರಿಗೇ ಹಾಗೆ ತಿದ್ದಿದೆ. ಅವರವರ ಹೆಸರು ಅವರವರು ಹೇಳಿದಂತೆ ಇರಲಿ.

ಅಮ್ಮ ಹೋದ ಮೇಲೆ ಅಟ್ಟ ಗುಡಿಸುವಾಗ ಕಿಲುಬು ಹಿಡಿದ ಒಂದು ಹಿತ್ತಾಳೆ ತಪ್ಪಲೆ ಸಿಕ್ಕಿತು. ಹುಣಿಸೆಹಣ್ಣು ಹಾಕಿ ತಿಕ್ಕಿದಾಗ ಅಂಚಿನಲ್ಲಿ ಕೆತ್ತಿದ ಅಕ್ಷರಗಳು ಕಂಡವು. ಮದುವೆಯಲ್ಲಿ ತವರಿನವರು ಮಗಳ ಹೆಸರು ಕೊರೆಸಿ ಕೊಟ್ಟದ್ದು. ಅರುವತ್ತು ವರ್ಷ ಜಕ್ಕಿಣಿಯಾಗಿದ್ದವಳಿಗೆ ಒಂದು ಹೆಸರಿತ್ತು. ಅವಳ ತವರಿನವರು ಇನ್ನೂ ಇದ್ದಾರೆ. ಅವರನ್ನು ಪೇಚಿಗೆ ಸಿಕ್ಕಿಸಬಾರದೆಂದು ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆದರೆ ಹಿಂದಿನ ದೀಪಾವಳಿಯಲ್ಲಿ ಆ ತಪ್ಪಲೆಯಲ್ಲೇ ಕಡುಬು ಬೇಯಿಸಿದೆ. ಎಡೆಯನ್ನು ಕತ್ತಲೆ ಕೋಣೆಯಲ್ಲಿಡದೆ ನಡುಮನೆಯಲ್ಲಿ, ಎಲ್ಲರ ಎದುರಿಗೆ ಇಟ್ಟೆ. ಬಾಗಿಲು ಹಾಕಲಿಲ್ಲ. “ದೊಡ್ಡಮ್ಮಾ” ಎಂದು ಅವಳ ಹೆಸರು ಹಿಡಿದು ಕರೆದೆ. ಮೊಮ್ಮಗಳು “ಯಾರಜ್ಜಿ ಅದು?” ಎಂದಳು. ಪಕ್ಕಕ್ಕೆ ಕೂರಿಸಿಕೊಂಡು, ಮ
ಳೆಗಾಲದ ಆ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದೆ.